ಮಲಗಲೊಲ್ಲದ ಪಟ್ಟದ ರಾಜ

ಹೆದರುವುದಕ್ಕೂ ಒಂದು ವಿದ್ಯಾಭ್ಯಾಸ ಬೇಕಾಗುತ್ತದೆ. ನನಗೆ ಅದು ದೊರೆತದ್ದು ಮೈಸೂರಿನ ಹೈಸ್ಕೂಲಿನಲ್ಲಿ, ಇತಿಹಾಸದ ಪಿರಿಯಡ್ಡಿನಲ್ಲಿ. ನಮ್ಮ ಮೇಷ್ಟ್ರು ಯಾವ ಸಾಮ್ರಾಜ್ಯವನ್ನೇ ಶುರುಮಾಡಲಿ, ವಾರ ಕಳೆಯುವುದರೊಳಗೆ ಅದನ್ನು ಕೆಡವಿಬಿಡುತ್ತಿದ್ದರು. ಪರೀಕ್ಷೆಯಲ್ಲೂ ಸ್ಥಾಪನೆಗೆ ಎರಡು ಅಂಕ, ಆಡಳಿತಕ್ಕೆ ನಾಲ್ಕು, ಪತನಕ್ಕೆ ಹತ್ತು. 'ಪತನಕ್ಕೆ ಕಾರಣಗಳನ್ನು ವಿವರಿಸಿ' ಎಂಬ ಪ್ರಶ್ನೆ ಬಂದರೆ ನಾನು ಸಾಮ್ರಾಜ್ಯದ ಹೆಸರನ್ನೂ ಸರಿಯಾಗಿ ನೋಡದೆ ಬರೆಯಲು ಕೂರುತ್ತಿದ್ದೆ. ಅತಿಯಾದ ವಿಸ್ತಾರ, ದುಂದುವೆಚ್ಚ, ಒಳಜಗಳ, ಹೊರಗಿನವರ ದಾಳಿ, ಕೊನೆಯಲ್ಲಿ ದುರ್ಬಲ ಉತ್ತರಾಧಿಕಾರಿಗಳು. ಚೋಳರಿಗೂ ಇದೇ, ರೋಮನ್ನರಿಗೂ ಇದೇ, ಮಂಗೋಲರಿಗೂ ಇದೇ. ಅಂಕಗಳೇನೋ ಧಾರಾಳವಾಗಿ ಬಂದವು. ಆದರೆ ಅಂದಿನಿಂದ ನೆಟ್ಟಗೆ ನಿಂತಿರುವ ಏನನ್ನು ಕಂಡರೂ ಅದು ಬೀಳುವುದಕ್ಕೆ ಕಾರಣಗಳೇನು ಎಂದು ಮನಸ್ಸು ಹುಡುಕತೊಡಗುತ್ತದೆ. ನನ್ನ ಮದುವೆಯ ದಿನ ಧಾರೆಯ ಹೊತ್ತಿನಲ್ಲಿ ಎಲ್ಲರೂ ವಧುವನ್ನು ನೋಡುತ್ತಿದ್ದರೆ ನಾನು ಮಂಟಪದ ಬಾಳೆಕಂಬಗಳನ್ನು ನೋಡುತ್ತಿದ್ದೆ. ಫೋಟೋಗಳಲ್ಲಿ ಇವತ್ತಿಗೂ ಅದು ಕಾಣುತ್ತದೆ. ವೀಣಾ ಇವತ್ತಿಗೂ ಅದನ್ನು ಕ್ಷಮಿಸಿಲ್ಲ.

ಇಂಥವನನ್ನು ಕಂಪನಿಯವರು ಹುಡುಕಿ ಹುಡುಕಿ ಜಪಾನಿಗೆ ಕಳಿಸಿದರು. ಭೂಮಿ ತಾನೇ ಅಲುಗಾಡುವ ದೇಶ! ನಮ್ಮ ಮನೆ ಟೋಕಿಯೋ ಪಕ್ಕದ ಇಚಿಕಾವಾದಲ್ಲಿ, ಆರನೆಯ ಮಹಡಿ. ಆಫೀಸು ಶಿನಾಗಾವಾದಲ್ಲಿ, ಅದು ಎಷ್ಟನೆಯ ಮಹಡಿ ಎಂದು ಯೋಚಿಸಬಾರದೆಂದು ವೈದ್ಯರು ಹೇಳಿದ್ದಾರೆ. ಅಲ್ಲಿ ಕಿಟಕಿಯ ಪರದೆ ತಾನಾಗಿ ತೂಗತೊಡಗಿದರೆ ನನ್ನ ಸಹೋದ್ಯೋಗಿಗಳು ಒಮ್ಮೆ ತಲೆಯೆತ್ತಿ ನೋಡಿ, 'ಆ' ಎಂದು, ಮತ್ತೆ ಕೀಬೋರ್ಡಿಗೆ ಮರಳುತ್ತಾರೆ. ಅಷ್ಟರಲ್ಲಿ ನಾನು ಮೇಜಿನ ಕೆಳಗಿರುತ್ತೇನೆ. ಒಮ್ಮೆ ಪಕ್ಕದವರು ಬಗ್ಗಿ ನೋಡಿ, "ಪೆನ್ ಬಿತ್ತೇ?" ಎಂದು ವಿಚಾರಿಸಿದರು. ಹೌದೆಂದೆ. ಅವರು ಸುಮ್ಮನಿರದೆ ತಾವೂ ಕೆಳಗೆ ಬಂದು ಹುಡುಕಿಕೊಟ್ಟರು, ಅದೂ ತಮ್ಮದೇ ಪೆನ್ನನ್ನು. ಮನೆಯಲ್ಲಂತೂ ಬೀರು, ಫ್ರಿಜ್ಜು, ಟಿವಿ ಎಲ್ಲವನ್ನೂ ಕಟ್ಟಿಹಾಕಿದ್ದೇನೆ. ಬಾಗಿಲ ಬಳಿ ತುರ್ತುಚೀಲ ಇದೆ. ಅದರಲ್ಲಿ ನೀರು, ಬಿಸ್ಕತ್ತು, ಹೊದಿಕೆ, ಟಾರ್ಚು, ಜೊತೆಗೆ ಎರಡು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ. ಪ್ರಳಯವಾದರೂ ಮೊಸರನ್ನವನ್ನು ಬರಿದೇ ಉಣ್ಣಬೇಕಾಗಿಲ್ಲ.

ಇಂಥ ಮನೆಗೆ ಈ ವರ್ಷ ಪಟ್ಟದ ಗೊಂಬೆ ಬಂತು. ಮೈಸೂರಿನ ಕಡೆಯವರಿಗೆ ಹೇಳಬೇಕಾದ್ದಿಲ್ಲ, ಆದರೂ ಹೇಳುತ್ತೇನೆ: ನವರಾತ್ರಿಯಲ್ಲಿ ಮನೆಯಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಕಲಶಕ್ಕೂ ಈ ರಾಜ ರಾಣಿ ಜೋಡಿಗೂ ಮೀಸಲು. ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುವ ಮರದ ಗೊಂಬೆಗಳವು. ವೀಣಾಳಿಗೆ ಕೊಟ್ಟಿದ್ದು ಹೊಸ ಜೋಡಿ. ಆದರೆ ನಮ್ಮತ್ತೆಯ ಬಳಿ ಅವರ ಅಜ್ಜಿಯ ಕಾಲದ ಜೋಡಿಯೊಂದು ಇತ್ತು, ಎಣ್ಣೆ ಸವರಿ ಸವರಿ ಕಪ್ಪುಗೆಂಪಾಗಿ ಹೊಳೆಯುವಂಥದ್ದು. ಅದನ್ನು ಮೊಮ್ಮಗಳು ಸಿರಿಗೆ ಕೊಡಬೇಕೆಂದು ಅವರ ಆಸೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ವೀಣಾಳ ಮಡಿಲಿಗೆ ಹಾಕಿ, ಮುಖವನ್ನು ಮಾತ್ರ ನನ್ನ ಕಡೆ ತಿರುಗಿಸಿದರು.

"ಅಳಿಯಂದಿರೇ, ನಿಮ್ಮ ಭರವಸೆ ಮೇಲೆ ಕಳಿಸ್ತಿದೀನಿ. ಅದು ಭೂಕಂಪದ ದೇಶ. ಹಬ್ಬದಲ್ಲಿ ನೆಟ್ಟಗೆ ನಿಲ್ಲಬೇಕು, ವಿಜಯದಶಮಿ ಸಂಜೆ ಆರತಿ ಆದ್ಮೇಲೆ ಶಾಸ್ತ್ರವಾಗಿ ಮಲಗಬೇಕು. ಒಂದು ಚೂರು ಮುಕ್ಕಾದ್ರೂ, ಶಾಸ್ತ್ರ ತಪ್ಪಿದ್ರೂ ವಾಪಸ್ ತಂದುಬಿಡಿ. ನನ್ನ ಚಿಕ್ಕ ಮಗಳ ಮನೇಲಿ ಇರ್ಲಿ."

ಚಿಕ್ಕ ಮಗಳ ಗಂಡ, ಅಂದರೆ ನನ್ನ ಷಡ್ಡಕ, ಆಗ ಅಲ್ಲೇ ಸೋಫಾದ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ. ನನ್ನನ್ನು ನೋಡಿ ಮುಗುಳ್ನಕ್ಕ. ಆ ಚಕ್ಕುಲಿ ಮುರಿದ ಸದ್ದು ವಿಮಾನದಲ್ಲಿ ಟೋಕಿಯೋ ಮುಟ್ಟುವವರೆಗೂ ನನ್ನ ಕಿವಿಯಲ್ಲಿತ್ತು. ಪಕ್ಕದಲ್ಲಿ ಸಿರಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ನನಗೆ ನಿದ್ದೆ ಹತ್ತಲಿಲ್ಲ.

ಸಿರಿ ಇಲ್ಲಿಯ ಶಾಲೆಯಲ್ಲಿ ಆರನೆಯ ತರಗತಿ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಜಪಾನೀಸಿನಲ್ಲಿ. ಅಜ್ಜಿಯೊಡನೆ ಮಾತ್ರ ಕಷ್ಟಪಟ್ಟು ಕನ್ನಡ. ಶಾಲೆಯಲ್ಲಿ ಈಗ ಅವಳಿಗೆ ಇತಿಹಾಸ ಶುರುವಾಗಿದೆ, ಹುಚ್ಚು ಹಿಡಿದಿದೆ. ಈ ಸಲದ ಗೊಂಬೆಗೆ ಒಂದು ಥೀಮ್ ಬೇಕೆಂದಳು. ದಶಾವತಾರವೋ ಕಲ್ಯಾಣೋತ್ಸವವೋ ಇರಬಹುದೆಂದು ನಾನು ಹೂಂಗುಟ್ಟಿದೆ.

"ಮಿಡೀವಲ್ ಎಂಪೈರ್ಸ್, ಅಪ್ಪಾ. ಆಲ್ ದಿ ಟರ್ನಿಂಗ್ ಪಾಯಿಂಟ್ಸ್!"

ಜಗತ್ತಿನ ಮಧ್ಯಯುಗದಲ್ಲಿ ಬಿದ್ದದ್ದೆಲ್ಲವನ್ನೂ ತಂದು ನನ್ನ ಅತ್ತೆಯ ರಾಜ ರಾಣಿಯರ ಕೆಳಗೆ ಅಡಿಪಾಯವಾಗಿ ಜೋಡಿಸುವ ಯೋಜನೆ ಇದು! "ಬೇರೆ ಏನಾದ್ರೂ ಮಾಡೋಣ ಪುಟ್ಟಾ. ಹಣ್ಣು, ತರಕಾರಿ..." ಎಂದೆ. ವೀಣಾ, "ಮಗು ಏನೋ ಉತ್ಸಾಹದಲ್ಲಿದೆ. ನಿಮ್ಮ ಹೆದರಿಕೆ ಅವಳಿಗೂ ಅಂಟಿಸ್ಬೇಡಿ ರೀ" ಎಂದಳು. ನಾನು ಕತ್ತರಿ ಹುಡುಕಿಕೊಟ್ಟೆ.

ಎರಡು ಭಾನುವಾರ ನಮ್ಮ ಊಟದ ಮನೆ ಇಡೀ ಜಗತ್ತಾಗಿತ್ತು. ಹಾಲಿನ ಡಬ್ಬಿಗಳನ್ನು ಕತ್ತರಿಸಿ ಕಾನ್‌ಸ್ಟಾಂಟಿನೋಪಲ್ಲಿನ ಕೋಟೆ ಎದ್ದಿತು. ಅದರ ಮುಂದೆ ಟಾಯ್ಲೆಟ್ ಪೇಪರಿನ ರಟ್ಟಿನ ಸುರುಳಿಯಿಂದ ತುರ್ಕರ ಫಿರಂಗಿ. ಹಡಗುಗಳನ್ನು ಗುಡ್ಡದ ಮೇಲೆ ಎಳೆದು ಬಂದರಿಗೆ ಇಳಿಸಿದರಲ್ಲ, ಅದಕ್ಕೆ ಸಿರಿ ಪೆನ್ಸಿಲ್‌ಗಳನ್ನು ಸಾಲಾಗಿ ಜೋಡಿಸಿ ಅದರ ಮೇಲೆ ಕಾಗದದ ದೋಣಿ ಉರುಳಿಸಿದಳು. ಬಾಗ್ದಾದಿನ ಪಕ್ಕ ವೀಣಾಳ ನೀಲಿ ರವಿಕೆಯ ಬಟ್ಟೆ ನದಿಯಾಗಿ ಹರಿಯಿತು, ಅದರೊಳಗೆ ಮಂಗೋಲರು ಎಸೆದ ಪುಟ್ಟ ಪುಟ್ಟ ಪುಸ್ತಕಗಳು. ಚಿನ್ನಕ್ಕೆ ಹೆಸರಾದ ಆಫ್ರಿಕಾದ ಮಾಲಿ ಸಾಮ್ರಾಜ್ಯದ ಅರಸನಿಗೆ ಚಾಕೊಲೇಟಿನ ಹೊಂಬಣ್ಣದ ಹಾಳೆ ಸುತ್ತಿಯಾಯಿತು. ಚೋಳರ ನೌಕಾಪಡೆ, ಮಡಿಚಿದ ಕಾಗದದ ಸಮುರಾಯ್‌ಗಳು, ಕುದುರೆ ಏರಿದ ಮಂಗೋಲರು, ಜಪಾನಿಗೆ ದಂಡೆತ್ತಿ ಹೊರಟ ಅವರ ಹಡಗುಗಳು. ಯೂರೋಪಿನ ಪ್ಲೇಗಿಗೆಂದು ಒಂದಷ್ಟು ಇಲಿಗಳನ್ನೂ ಮಾಡಿದ್ದಳು. ಹಬ್ಬದಲ್ಲಿ ಪ್ಲೇಗ್ ಇಡುವುದೇ ಎಂದು ನಾನು ಬೆಚ್ಚಿದೆ. ವೀಣಾ ಒಂದು ಗಣಪತಿಯನ್ನು ತಂದು ಇಲಿಗಳ ಪಕ್ಕ ಇಟ್ಟು, "ಈಗ ಸರಿಯಾಯ್ತಲ್ಲ" ಎಂದು ಒಗ್ಗರಣೆ ಹಾಕಲು ಹೋದಳು.

ಯಾರು ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂಬುದಕ್ಕೆ ಒಳಜಗಳವೂ ಆಯಿತು. ವಿಸ್ತಾರದ ಲೆಕ್ಕದಲ್ಲಿ ಮಂಗೋಲರಿಗೆ ಎರಡನೆಯ ಮೆಟ್ಟಿಲು ಸಲ್ಲಬೇಕೆಂದು ಸಿರಿ. ಅಷ್ಟೊಂದು ಊರು ಸುಟ್ಟವರನ್ನು ಕಲಶದ ಹತ್ತಿರ ಬಿಡುವುದಿಲ್ಲವೆಂದು ವೀಣಾ. ಕೊನೆಗೆ ಎರಡನೆಯ ಮೆಟ್ಟಿಲು ವಿಜಯನಗರಕ್ಕೆ ಹೋಯಿತು. ಕಾರಣ, 'ನಮ್ಮ ಕಡೆಯವರು'. ಇಂಥ ಪಕ್ಷಪಾತದಿಂದಲೇ ಸಾಮ್ರಾಜ್ಯಗಳು ಬೀಳುವುದು ಎಂದು ನಾನು ಗೊಣಗಿದೆ, ಆದರೆ ಆನೆಲಾಯದ ಗೋಪುರವನ್ನು ನಾನೇ ನೆಟ್ಟಗೆ ಮಾಡಿದೆ. ಎಲ್ಲಕ್ಕಿಂತ ಮೇಲೆ, ಕಲಶದ ಎರಡು ಬದಿಗೆ, ಅತ್ತೆಯ ರಾಜ ಮತ್ತು ರಾಣಿ. ಅಷ್ಟು ಎತ್ತರದಲ್ಲಿ, ಅಷ್ಟು ಪುಟ್ಟ ಪಾದಗಳ ಮೇಲೆ ನಿಂತಿದ್ದರು.

ಮೊದಲು ಗೊಂಬೆ ನೋಡಲು ಬಂದವರು ಕೆಳಗಿನ ಮನೆಯ ಹಯಾಶಿ ಸಾನ್. ಒಂಟಿಯಾಗಿರುವ ಹಿರಿಯ ಹೆಂಗಸು. ಮಾರ್ಚ್ ತಿಂಗಳಲ್ಲಿ ತಮ್ಮ ಮನೆಯಲ್ಲೂ ರಾಜ ರಾಣಿಯ ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸುವವರು, ಆದ್ದರಿಂದ ನಮ್ಮ ಹಬ್ಬ ಅವರಿಗೆ ವಿಚಿತ್ರವಾಗಿ ಕಾಣಲಿಲ್ಲ. ಒಂದೊಂದೇ ನೋಡುತ್ತ ಬಂದವರು ಮಂಗೋಲರ ಹಡಗುಗಳ ಮುಂದೆ ಗಕ್ಕನೆ ನಿಂತರು. "ನಾನು ಹಕಾತಾದವಳು" ಎಂದರು, ಮೆಲ್ಲಗೆ. ಸಿರಿ ಅನುವಾದ ಮಾಡಿ, "ಅಪ್ಪಾ, ಮಂಗೋಲ್ಸ್ ಬಂದಿಳಿದಿದ್ದು ಅಲ್ಲೇ" ಎಂದಳು. ಅವರ ಊರಿಗೆ ದಂಡೆತ್ತಿ ಬಂದವರನ್ನು ದೀಪ ಹಚ್ಚಿ, ಹೂವಿಟ್ಟು ಕೂರಿಸಿದ್ದೇವೆ! "ಸುಮಿಮಾಸೆನ್, ಸುಮಿಮಾಸೆನ್" ಎಂದು ಇಡೀ ಮಂಗೋಲ್ ಸಾಮ್ರಾಜ್ಯದ ಪರವಾಗಿ ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದೆ. ಹಯಾಶಿ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೆಳಗೆ ಹೋಗಿ ಒಂದು ಕೈಬೀಸಣಿಗೆ ತಂದು ಹಡಗುಗಳ ಹಿಂದೆ ನಿಲ್ಲಿಸಿದರು. ಅಂದು ಆ ಹಡಗುಗಳನ್ನು ಮುಳುಗಿಸಿದ ಬಿರುಗಾಳಿಯೇ ಇಲ್ಲದಿದ್ದರೆ ಪಾಪ ಅವು ಮುಳುಗುವುದು ಹೇಗೆ ಎಂದು ಅವರ ಪ್ರಶ್ನೆ.

ಆಮೇಲೆ ಮೆಟ್ಟಿಲನ್ನು ಬೆರಳಿನಿಂದ ಮೃದುವಾಗಿ ತಟ್ಟಿದರು. ಮೇಲೆ ರಾಜ ಸಣ್ಣಗೆ ತಲೆಯಾಡಿಸಿದ. ಹಯಾಶಿ ಸಾನ್ ಮತ್ತೆ ಕೆಳಗೆ ಹೋಗಿ ಒಂದು ಪೊಟ್ಟಣ ತಂದುಕೊಟ್ಟರು. ಭೂಕಂಪಕ್ಕೆಂದೇ ಮಾರುವ ಅಂಟು ಜೆಲ್, ಟಿವಿಯ ಕೆಳಗೋ ಹೂದಾನಿಯ ಕೆಳಗೋ ಇಡುವ ಮೆತ್ತನೆಯ ಬಿಲ್ಲೆಗಳು. ಉಗುರಿನ ತುದಿ ತೋರಿಸಿ "ಚೊತ್ತೊ, ಚೊತ್ತೊ" ಎಂದರು. ಸ್ವಲ್ಪವೇ ಸ್ವಲ್ಪ ಸಾಕು ಎಂದು.

ನನಗೆ ಅರ್ಥವಾಗಲಿಲ್ಲವೆಂದಲ್ಲ, ಚೆನ್ನಾಗಿಯೇ ಅರ್ಥವಾಯಿತು. ಆದರೆ 'ಸ್ವಲ್ಪ' ಎಂಬುದು ಧೈರ್ಯವಂತರ ಅಳತೆ. ನಾನು ಅಂಗಡಿಗೆ ಹೋಗಿ ಅಂಥ ಪೊಟ್ಟಣಗಳನ್ನು ಬುಟ್ಟಿ ತುಂಬ ತಂದೆ. ತಾಯಿ ಮಗಳು ಹೊರಗೆ ಹೋಗಿದ್ದಾಗ ಒಂದೊಂದು ಸಾಮ್ರಾಜ್ಯದ ಕೆಳಗೂ ಬಿಲ್ಲೆ ಮೆತ್ತುತ್ತ ಹೋದೆ. ಕಾನ್‌ಸ್ಟಾಂಟಿನೋಪಲ್ಲಿನ ಕೋಟೆಗೂ ಮೆತ್ತಿದೆ, ಅದನ್ನು ಕೆಡವಲು ಬಂದ ಫಿರಂಗಿಗೂ ಮೆತ್ತಿದೆ. ನನ್ನ ಕೈಯಲ್ಲಿ ಆ ದಿನ ಇತಿಹಾಸವೇ ನಿಂತುಹೋಯಿತು, ಯಾರೂ ಯಾರನ್ನೂ ಸೋಲಿಸುವಂತಿರಲಿಲ್ಲ. ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ, ಇಡೀ ಮೆಟ್ಟಿಲನ್ನು ನೆಲಕ್ಕೂ ಗೋಡೆಗೂ ಅಂಟಿಸಿದೆ. ರಾಜ ರಾಣಿಯರಿಗಂತೂ ಪಾದದ ಅಡಿಗೆ ಮಾತ್ರವಲ್ಲ, ಸುತ್ತಲೂ ಪದರದ ಮೇಲೆ ಪದರ. ಅತ್ತೆಗೆ ವೀಡಿಯೋ ಕರೆ ಮಾಡುವ ಫೋನನ್ನೂ ಮೆಟ್ಟಿಲ ಎದುರಿನ ಕಪಾಟಿಗೆ ಅಂಟಿಸಿದೆ. ಅಂದು ಸಂಜೆ ಎಷ್ಟೋ ತಿಂಗಳ ನಂತರ ಊಟ ರುಚಿಸಿತು.

ಹಬ್ಬದ ದಿನಗಳು ಚೆನ್ನಾಗಿ ನಡೆದವು. ಇಚಿಕಾವಾದ ಕನ್ನಡದ ಮನೆಗಳವರೆಲ್ಲ ಬಂದರು, ತ್ಸುಕುಬಾದಿಂದ ಸಂಶೋಧನೆ ಮಾಡುವ ಹುಡುಗಿಯರಿಬ್ಬರು ಕಡಲೆಕಾಳಿನ ಉಸಲಿಗೆಂದೇ ರೈಲು ಹಿಡಿದು ಬಂದರು. ಒಮ್ಮೆ ಸಣ್ಣಗೆ ಕಂಪಿಸಿತು. ಬಂದವರು ಉಸಲಿಯ ತಟ್ಟೆ ಹಿಡಿದೇ ಮೇಜಿನ ಕಡೆ ಸರಿದರು. ನಾನು ಅವರಿಗಿಂತ ಮೊದಲೇ ಅಲ್ಲಿದ್ದೆ. ಎದ್ದು ನೋಡಿದರೆ ಒಂದು ಕುದುರೆಯ ಬಾಲವೂ ಅಲುಗಿರಲಿಲ್ಲ. "ಹೇಗೆ!" ಎಂದು ನಾನು ಎಲ್ಲರ ಮುಖ ನೋಡಿದೆ. ಜಗತ್ತಿನ ಚಕ್ರವರ್ತಿಗಳಿಗೆ ಹೊಳೆಯದೆ ಹೋದ ಉಪಾಯ ನನಗೆ ಹೊಳೆದಿದೆ ಎಂಬ ಜಂಬ ಬಂತು. ಪತನಕ್ಕೆ ಕಾರಣಗಳನ್ನು ಓದಿಯೇ ಅಂಕ ಗಳಿಸಿದವನಿಗೆ ಜಂಬ ಪಡಬಾರದೆಂದು ತಿಳಿದಿರಬೇಕಿತ್ತು.

ವಿಜಯದಶಮಿ ಬಂತು. ಸಂಜೆ ಆರತಿ ಎತ್ತಿದೆವು. ಇಲ್ಲಿ ದೀಪ ಹಚ್ಚುವ ಹೊತ್ತು ಕಳೆದಿದ್ದರೂ ಮೈಸೂರಿನಲ್ಲಿ ಇನ್ನೂ ಬಿಸಿಲು. ಪರದೆಯ ಮೇಲೆ ಅತ್ತೆ ಒಂದು ಕಣ್ಣು ನಮ್ಮ ಮೇಲೆ, ಒಂದು ಕಣ್ಣು ಟಿವಿಯ ಜಂಬೂ ಸವಾರಿಯ ಮೇಲೆ ಇಟ್ಟು ಕೂತಿದ್ದರು. ಹಿಂದೆ ಷಡ್ಡಕ. ಕೈಯಲ್ಲಿ ಏನೋ ತಿಂಡಿ.

"ಅಂಬಾರಿ ಹೊರಡೋ ಹೊತ್ತಾಯ್ತು. ಮೊದ್ಲು ರಾಜನ್ನ ಮಲಗಿಸಿ ತೋರಿಸ್ಬಿಡಿ, ಕಣ್ತುಂಬ ನೋಡ್ತೀನಿ" ಎಂದರು ಅತ್ತೆ.

ವೀಣಾ ಸ್ಟೂಲು ಹತ್ತಿ ರಾಜನಿಗೆ ಕೈ ಹಾಕಿದಳು. ರಾಜ ಬರಲಿಲ್ಲ. ರಾಣಿಯನ್ನು ಹಿಡಿದಳು. ರಾಣಿಯೂ ಬರಲಿಲ್ಲ. ವೀಣಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟ ಕಂಡಿದ್ದರೆ ಮಂಗೋಲರು ಬಾಗ್ದಾದಿಗೆ ಬರುತ್ತಿರಲಿಲ್ಲ.

"ಏನ್ ಮಾಡಿದೀರಿ?"

"ಸ್ವಲ್ಪ... ಜೆಲ್ಲು."

ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಬೀಳಬಾರದೆಂದು ಮಾತ್ರ ಯೋಚಿಸಿದ್ದೆ. ಕೊನೆಯ ದಿನ ಅವರನ್ನು ಮಲಗಿಸಬೇಕೆಂಬುದು, ಅತ್ತೆ ಅಷ್ಟು ಸ್ಪಷ್ಟವಾಗಿ ಹೇಳಿದ್ದರೂ, ಭಯದಲ್ಲಿ ಮರೆತೇಹೋಗಿತ್ತು. ನಾನು ಸ್ಟೂಲು ಹತ್ತಿದೆ. ರಾಜನ ಸೊಂಟ ಹಿಡಿದು ಮೆಲ್ಲಗೆ ತಿರುಗಿಸಿದೆ. ಒಳಗೆಲ್ಲೋ 'ಟಿಕ್' ಎಂದಿತು. ನಾಲ್ಕು ತಲೆಮಾರು ಉಳಿದು ಬಂದ ಪಾದ ನನ್ನ ಕೈಯಲ್ಲಿ ಮುರಿದರೆ? ಕೆಳಗೆ ಸಿರಿ ಎರಡೂ ಕೈ ಜೋಡಿಸಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳಿಗೂ ಗೊತ್ತಿತ್ತು. ಶಾಸ್ತ್ರ ತಪ್ಪಿದರೆ ಗೊಂಬೆ ಚಿಕ್ಕಮ್ಮನ ಮನೆಗೆ. ಅವಳು ಅಳುತ್ತಿರಲಿಲ್ಲ, ಆದರೆ ಅಳದಿರಲು ಬಹಳ ಕಷ್ಟಪಡುತ್ತಿದ್ದಳು. ನಾನು ರಾಜನ ಸೊಂಟ ಬಿಟ್ಟೆ. ಹಲಗೆಯ ಸಮೇತ ಮಲಗಿಸೋಣವೆಂದರೆ ಹಲಗೆ ಮೆಟ್ಟಿಲಿಗೆ ಅಂಟಿತ್ತು, ಮೆಟ್ಟಿಲು ಗೋಡೆಗೆ ಅಂಟಿತ್ತು, ಗೋಡೆ ಬಾಡಿಗೆಯದು.

"ಏನು, ಮಲಗಿಸಿದ್ರಾ?" ಟಿವಿಯ ಕಡೆ ತಿರುಗಿದ್ದ ಅತ್ತೆಯ ದನಿ.

"ಹಾಂ ಅತ್ತೆ, ಇನ್ನೇನು..." ಎಂದೆ.

ಆ ಕ್ಷಣಕ್ಕೆ ಮನೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ಇಲ್ಲಿದ್ದವರಿಗೆ ಆ ಸದ್ದು ಗೊತ್ತು. ಭೂಕಂಪ ಬರುತ್ತಿದೆ ಎಂದು ಕೆಲವೇ ಕ್ಷಣ ಮೊದಲು ಬರುವ ಎಚ್ಚರಿಕೆ. ಆಮೇಲೆ ನೆಲ ಒಮ್ಮೆ ಮೇಲೆದ್ದು, ಪಕ್ಕಕ್ಕೆ ತೂಗಿತು. ಅಡುಗೆಮನೆಯಲ್ಲಿ ಪಾತ್ರೆಗಳು ಗಲಗಲವೆಂದವು. ಮುಂದೆ ನಡೆದದ್ದನ್ನು ವೀಣಾ ಹೇಳಿದ ಮೇಲೆ ನನಗೆ ತಿಳಿದದ್ದು. ಸಿರಿ ಒಂದೇ ನೆಗೆತಕ್ಕೆ ಹೋಗಿ ಮುಂಬಾಗಿಲು ತೆರೆದಿಟ್ಟಳಂತೆ, ಬಾಗಿಲು ಸಿಕ್ಕಿಕೊಂಡರೆ ಹೊರಗೆ ಹೋಗಲಾಗುವುದಿಲ್ಲವೆಂದು ಶಾಲೆಯಲ್ಲಿ ಕಲಿಸಿದ್ದಾರೆ. ದೀಪ ಆರಿಸಿದಳಂತೆ. ಅಮ್ಮನ ತಲೆಗೆ ದಿಂಬು ಕೊಟ್ಟು ಮೇಜಿನ ಕಡೆ ಎಳೆದಳಂತೆ. ಮೇಜಿನ ಕೆಳಗೆ ಇಬ್ಬರಿಗೂ ಜಾಗ ಸಾಲಲಿಲ್ಲವಂತೆ. ಅಲ್ಲಿ ಆಗಲೇ ನಾನು ಇದ್ದೆ, ಅಂಗಾತ, ಕಾಲು ಚಾಚಿ. ಸ್ಟೂಲಿನಿಂದ ಅಲ್ಲಿಗೆ ಹೇಗೆ ಬಂದೆನೋ ದೇವರಿಗೇ ಗೊತ್ತು. ತಲೆಯ ಮೇಲೆ ಸಿರಿಯ ಶಾಲೆಯ ಹತ್ತಿ ತುಂಬಿದ ಬಣ್ಣದ ರಕ್ಷಣಾ ಟೋಪಿ ಇತ್ತು, ಅದೂ ಹೇಗೆ ಬಂತೋ ತಿಳಿಯದು.

ತೂಗುವುದು ನಿಂತಿತು. ನಾನು ಒಂದು ಕಣ್ಣು ತೆರೆದೆ. ಕೋಟೆ ನಿಂತಿತ್ತು, ಫಿರಂಗಿ ನಿಂತಿತ್ತು. ಮಂಗೋಲರು, ಚೋಳರು, ವಿಜಯನಗರದ ಆನೆಗಳು, ಪ್ಲೇಗಿನ ಇಲಿಗಳು, ಮೇಲೆ ಕಪ್ಪುಗೆಂಪಿನ ರಾಜ ರಾಣಿ, ಎಲ್ಲರೂ ಇದ್ದಲ್ಲೇ ನೆಟ್ಟಗೆ. ಮನೆಯಲ್ಲಿ ಅಂಟು ಹಾಕಲು ಮರೆತಿದ್ದವನು ನಾನೊಬ್ಬನೇ.

"ಅಜ್ಜಿ, ಹೆದರ್ಕೋಬೇಡಿ. ಶಿಂದೋ ಥ್ರೀ ಇರ್ಬೇಕು. ಸಣ್ಣದು" ಎಂದು ಸಿರಿ ಫೋನಿಗೆ ಹೇಳುತ್ತಿದ್ದಳು, ಕಂಪನದ ಆ ಜಪಾನೀ ಅಳತೆಯೊಂದನ್ನು ಬಿಟ್ಟರೆ ಇಡೀ ಮಾತು ಕನ್ನಡದಲ್ಲಿ. ಎದುರಿನ ಕಪಾಟಿಗೆ ಅಂಟಿದ್ದ ಆ ಫೋನು ಒಂದಿಂಚೂ ಅಲುಗದೆ ನಡೆದದ್ದೆಲ್ಲವನ್ನೂ ಮೈಸೂರಿಗೆ ನೇರ ಪ್ರಸಾರ ಮಾಡಿತ್ತು. ಪರದೆಯಲ್ಲಿ ಅತ್ತೆ ಮುಂದಕ್ಕೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಮೇಜಿನ ಕೆಳಗೆ ಬಣ್ಣದ ಟೋಪಿ ಹಾಕಿಕೊಂಡು ಮಲಗಿದ್ದ ನನ್ನನ್ನು ನೋಡುತ್ತಿದ್ದರು. ಹಿಂದೆ ಷಡ್ಡಕ ಅಗಿಯುವುದನ್ನು ನಿಲ್ಲಿಸಿದ್ದ.

ವೀಣಾ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು, "ಅಮ್ಮಾ, ಇವರು ಗೊಂಬೆಗೆ ಅಂಟು ಹಾಕ್ಬಿಟ್ಟಿದಾರೆ. ರಾಜ ಮಲಗ್ತಿಲ್ಲ" ಎಂದಳು. ನಾನು ಕಣ್ಣು ಮುಚ್ಚಿದೆ. ಗೊಂಬೆ ಷಡ್ಡಕನ ಶೋಕೇಸಿಗೆ ಹೋಗುವುದು ಕಣ್ಣಿಗೆ ಕಟ್ಟಿತು.

ಅತ್ತೆ ಟಿವಿಯ ಸದ್ದು ತಗ್ಗಿಸಿದರು. ಆಮೇಲೆ, "ಮುಕ್ಕಾಗಿಲ್ಲ ತಾನೇ?" ಎಂದರು.

"ಇಲ್ಲ ಅಜ್ಜಿ. ನೋಡಿ, ಪರ್ಫೆಕ್ಟ್" ಎಂದಳು ಸಿರಿ.

"ಮದುವೇಲಿ ಆ ಜೋಡಿ ಕೊಡೋದು ಗಂಡ ಹೆಂಡ್ತಿ ಲೆಕ್ಕಕ್ಕೇ ಕಣೇ ವೀಣಾ. ರಾಜ ಮಲಗಬೇಕಿತ್ತು, ರಾಜ ಮಲಗಿದಾರೆ. ಕಿರೀಟ ಬೇರೆ ಹಾಕ್ಕೊಂಡಿದಾರೆ. ಶಾಸ್ತ್ರ ಆಯ್ತು ಬಿಡು. ಗೊಂಬೆ ಸಿರಿ ಹತ್ರಾನೇ ಇರ್ಲಿ." ಅತ್ತೆಯ ಮುಖದಲ್ಲಿ ನಗುವಿತ್ತೋ ಇಲ್ಲವೋ ನನಗೆ ಆ ಕೋನದಿಂದ ಕಾಣಲಿಲ್ಲ. ನಾನು ಸಮಾಧಾನದ ಉಸಿರು ಬಿಟ್ಟು ಏಳಲು ಹೊರಟೆ. "ಅಳಿಯಂದಿರೇ, ಏಳ್ಬಾರ್ದು! ಮಲಗಿಸಿದ ರಾಜನ್ನ ಬೆಳಿಗ್ಗೆ ತನಕ ಎಬ್ಬಿಸೋ ಹಾಗಿಲ್ಲ" ಎಂದು ಹೇಳಿ, ಅಂಬಾರಿ ಹೊರಟಿತೆಂದು ಕರೆ ಮುಗಿಸಿದರು.

ಅದು ತಮಾಷೆಯೋ ಆಜ್ಞೆಯೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಮಲಗಿಯೇ ಇದ್ದೆ. ವೀಣಾ ಉಸಲಿಯನ್ನು ಅಲ್ಲಿಗೇ ತಂದು ಬಾಯಿಗಿಟ್ಟಳು. ಹಯಾಶಿ ಸಾನ್ ಮೇಲೆ ಬಂದು ವಿಷಯ ಕೇಳಿ, ಒಂದು ಹೊಲಿಗೆಯ ದಾರ ತೆಗೆದು ರಾಣಿಯ ಪಾದದಡಿಗೆ ಗರಗಸದ ಹಾಗೆ ಆಡಿಸಿದರು. ರಾಣಿ ಸುಲಭವಾಗಿ ಬಿಟ್ಟಳು. ಸಿರಿ ರಾಜನನ್ನೂ ಬಿಡಿಸಿ, ಇಬ್ಬರನ್ನೂ ರೇಷ್ಮೆ ಬಟ್ಟೆಯ ಮೇಲೆ ಮಲಗಿಸಿದಳು. ಹಾಗಾದರೆ ಇನ್ನು ನಾನು ಏಳಬಹುದಲ್ಲ ಎಂದೆ.

"ನೋ ಅಪ್ಪಾ. ಅಜ್ಜಿ ರೂಲ್" ಎಂದಳು.

ಕೆಳಗಿನಿಂದ ಸಾಮ್ರಾಜ್ಯಗಳನ್ನು ನೋಡುತ್ತ, ಮತ್ತೊಂದು ಕಂಪನ ಬಂದರೆ ಗತಿಯೇನೆಂದು ಹೆದರುತ್ತ, ಹಳೆಯ ಚಾಳಿಯಂತೆ ಮನಸ್ಸಿನಲ್ಲೇ ಹತ್ತು ಅಂಕದ ಉತ್ತರ ಬರೆಯತೊಡಗಿದೆ. ಈ ಅರಸನ ಪತನಕ್ಕೆ ಕಾರಣಗಳು: ಹೆದರಿಕೆಯ ಅತಿಯಾದ ವಿಸ್ತಾರ, ಅಂಟಿನ ದುಂದುವೆಚ್ಚ, ಹೆಂಡತಿಯೊಡನೆ ಒಳಜಗಳ, ಭೂಮಿಯ ದಾಳಿ, ದುರ್ಬಲ ಉತ್ತರಾಧಿಕಾರಿಗಳು... ಅಷ್ಟರಲ್ಲಿ ಸಿರಿ ತುರ್ತುಚೀಲದಿಂದ ಹೊದಿಕೆ ತಂದು ನನಗೆ ಹೊದಿಸಿ, ಅಪ್ಪನಿಗೆ ಹೆದರಿಕೆಯಾಗಬಾರದೆಂದು ಟಾರ್ಚನ್ನು ಕೈಗೆ ಕೊಟ್ಟು ಹೋದಳು. ಕೊನೆಯ ಕಾರಣವನ್ನು ಹೊಡೆದುಹಾಕಿದೆ. ಎರಡು ಅಂಕ ಹೋದರೆ ಹೋಗಲಿ.